ಮಾಮಾ ಎಳೆದ ಗೆರೆ, ಮಾಮಿ ಹಚ್ಚಿದ ಟಿಕಳಿ

ನಮ್ಮ ಸೋದರಮಾವನಿಗೆ ಈ ಲೋಕದಲ್ಲಿ ಒಬ್ಬನೇ ಒಬ್ಬ ಶತ್ರು. ಗುಂಡಗಿದ್ದಾನೆ, ಬಣ್ಣಬಣ್ಣದ ಅಂಗಿ ತೊಡುತ್ತಾನೆ, ಪೇಪರು, ಟೀವಿ, ಆಫೀಸಿನ ಗೋಡೆ ಎಲ್ಲ ಕಡೆಯೂ ಹಲ್ಲು ಕಿರಿದು ಕೂತಿರುತ್ತಾನೆ. ಅವನ ಹೆಸರು ಪೈ ಚಾರ್ಟ್. ಒಮ್ಮೆ ಮಾಮಾ ಫೋನಿನಲ್ಲಿ ಯಾರಿಗೋ, "ಈ ಪೈ ಅನ್ನಾಂವ ನನ್ನ ಕೈಯಾಗ ಸಿಕ್ಕರ ಹರದ ಹಾಕ್ತೇನಿ, ಅವನಿಂದ ಯಾರಿಗೂ ಉಪಯೋಗಿಲ್ಲ" ಎಂದು ಗಟ್ಟಿಯಾಗಿ ಹೇಳುತ್ತಿದ್ದಾಗ, ಅದೇ ಫ್ಲೋರಿನ ಪೈಯವರು ಹಾಲಿನ ಚೀಲ ಹಿಡಿದು ಬಾಗಿಲ ಮುಂದೆ ಹಾದುಹೋಗುತ್ತಿದ್ದರು. ಪಾಪ, ಉಡುಪಿ ಕಡೆಯ ಸಾಧು ಮನುಷ್ಯ. ಒಂದು ತಿಂಗಳು ಮಾಮಾನ ಜೊತೆ ಲಿಫ್ಟ್ ಹತ್ತಲಿಲ್ಲ. ಕೊನೆಗೆ ಮಾಮಿ ಒಂದು ಡಬ್ಬಿ ಬೇಸನ್ ಉಂಡಿ ಕೊಂಡೊಯ್ದು, "ನಿಮಗ ಅಂದದ್ದಲ್ರೀ, ಒಂದ ಚಿತ್ರಕ್ಕ ಬೈದದ್ದು" ಎಂದು ತಿಳಿಸಿ ಹೇಳಬೇಕಾಯಿತು. ಚಿತ್ರಕ್ಕೆ ಬೈಯುವ ಮನುಷ್ಯ ಪಕ್ಕದ ಮನೆಯಲ್ಲೇ ಇದ್ದಾನೆಂದು ತಿಳಿದು ಪೈಯವರಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತಂತೆ.

ನಾನು ಮಾಮಾನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ನಮ್ಮ ಧಾರವಾಡದ ಕಡೆ ಸೋದರಮಾವನಿಗೆ ಬಹುವಚನ ಹಚ್ಚಿದರೆ, ಏನೋ ಜಗಳವಾಗಿದೆ ಎಂದು ಅರ್ಥ.

ಧಾರವಾಡದಲ್ಲಿ ಓದು ಮುಗಿಸಿ ಮುಂಬಯಿಗೆ ಬಂದ ಮಾಮಾ, ಚೆಂಬೂರಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ನೌಕರಿ ಪೂರ್ತಿ ಗ್ರಾಫ್ ಎಳೆದ. ಆಗ ಕಂಪ್ಯೂಟರ್ ಇರಲಿಲ್ಲ. ಊಟದ ಮೇಜಿನಷ್ಟು ದೊಡ್ಡ ಹಾಳೆ, ಮಸಿಯ ಪೆನ್ನು, ಉದ್ದನೆಯ ಅಳತೆಪಟ್ಟಿ. ಯಾವ ತಿಂಗಳು ಎಷ್ಟು ಮಾಲು ತಯಾರಾಯಿತು, ಎಷ್ಟು ಕೆಟ್ಟುಹೋಯಿತು ಎಂಬುದನ್ನು ಮೇಲಿನ ಮಹಡಿಯ ಸಾಹೇಬರಿಗೆ ಚಿತ್ರದಲ್ಲಿ ತೋರಿಸುವುದು ಅವನ ಕೆಲಸ. ಕೆಲಸಕ್ಕೆ ಸೇರಿದ ದಿನವೇ ಹಿರಿಯ ಗುಮಾಸ್ತರೊಬ್ಬರು, "ಸಾಹೇಬರಿಗೆ ಓದಲಿಕ್ಕೆ ಟೈಮಿಲ್ಲ, ನೋಡಲಿಕ್ಕೆ ಅರ್ಧ ನಿಮಿಷ ಇದೆ" ಎಂದಿದ್ದರಂತೆ. ಮಾಮಾ ಆ ಮಾತನ್ನು ಮಂತ್ರೋಪದೇಶದ ಹಾಗೆ ಸ್ವೀಕರಿಸಿದ. ನಿವೃತ್ತನಾದ ಮೇಲೆ ಆ ಮಂತ್ರವನ್ನು ಗೋರೆಗಾಂವಿನ ಮನೆಗೂ ತಂದ. ಅಲ್ಲಿಂದ ನಮ್ಮೆಲ್ಲರ ಕಷ್ಟ ಶುರುವಾಯಿತು.

ಎಲ್ಲರಿಗಿಂತ ಮೊದಲು ಕಷ್ಟ ಬಂದದ್ದು ಮಾಮಿಗೆ. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಇಬ್ಬರೇ. ಹಗಲೆಲ್ಲ ಕೂತು ಮಾಮಾ ಏನು ಮಾಡಬೇಕು? ಮೂರು ತಿಂಗಳ ಬೆಳಗಿನ ತಿಂಡಿಯನ್ನು ಗುಟ್ಟಾಗಿ ಬರೆದಿಟ್ಟು, ಒಂದು ದಿನ ಫ್ರಿಜ್ಜಿನ ಬಾಗಿಲಿಗೆ ಚಾರ್ಟ್ ಅಂಟಿಸಿಬಿಟ್ಟ. ಅವಲಕ್ಕಿಗೊಂದು ಕಂಬ, ದೋಸೆಗೊಂದು ಕಂಬ, ಉಪ್ಪಿಟ್ಟಿಗೊಂದು ಕಂಬ. ಉಪ್ಪಿಟ್ಟಿನ ಕಂಬ ಉಳಿದೆಲ್ಲವುಗಳ ತಲೆಯ ಮೇಲೆ ಗೋಪುರದಂತೆ ನಿಂತಿತ್ತು. ಬಾಯಲ್ಲಿ ಒಂದು ಮಾತೂ ಆಡಲಿಲ್ಲ. ಚಾರ್ಟ್ ಚೆನ್ನಾಗಿದ್ದರೆ ಮಾತು ಬೇಕಾಗುವುದಿಲ್ಲ ಎಂಬುದು ಅವನ ನಂಬಿಕೆ.

ಮಾಮಿಯೂ ಮಾತಾಡಲಿಲ್ಲ. ಮರುದಿನದಿಂದ ಒಂದು ವಾರ ಬರೀ ಉಪ್ಪಿಟ್ಟು. ಎಂಟನೆಯ ದಿನ ಮಾಮಾ ಸೋತು ಕೇಳಿದ, "ಚಾರ್ಟ್ ನೋಡಲಿಲ್ಲೇನು?"

"ನೋಡಿದೆಲ್ಲಾ. ಅಷ್ಟ ಎತ್ತರ ಏರೇದ, ಅರ್ಧಕ್ಕ ಯಾಕ ನಿಲ್ಲಸೋದಂತ ಮುಂದುವರಸೇನಿ."

ಮಾಮಾ ಇದನ್ನು ನನಗೆ ಹೇಳಿದ್ದು ದೂರಿನ ಧಾಟಿಯಲ್ಲಿ ಅಲ್ಲ. "ಒಂದೇ ಚಿತ್ರಾ, ಎರಡು ಅರ್ಥ. ತಪ್ಪು ನಂದು. ಏನ್ ಹೇಳಬೇಕು ಅನ್ನೂದು ಮ್ಯಾಲೆ ತಲೆಬರಹದಾಗ ಬರೀಬೇಕಾಗಿತ್ತು" ಎಂದು ಗಂಭೀರವಾಗಿ ಹೇಳಿದ. ಮಾಮಿ ಒಳಗಿನಿಂದ, "ಬಾಯಿಲೆ ಹೇಳಿದ್ರೂ ನಡೀತಿತ್ತು" ಎಂದಳು.

ಕನ್ನಡ ಸಂಘದವರ ಕಥೆ ಬೇರೆ. ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಪರದೆಯ ಮೇಲೆ ಒಂದು ಚಿತ್ರ ಬಿಟ್ಟರು. ಹೋದ ವರ್ಷದ ಸದಸ್ಯರದು ಮೊಣಕಾಲೆತ್ತರದ ಕಂಬ, ಈ ವರ್ಷದ್ದು ಆಳೆತ್ತರ. ಅದಕ್ಕೆ ನೆರಳು ಬೇರೆ, ಹೊಳಪು ಬೇರೆ. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಿಂದ ಮಾಮಾ ಎದ್ದು ನಿಂತ. ನಾನು ಅವನ ಅಂಗಿ ಜಗ್ಗಿದೆ, ಪ್ರಯೋಜನವಾಗಲಿಲ್ಲ.

"ಅಧ್ಯಕ್ಷರ, ಕಂಬಾ ಛಲೋ ಅದ. ಅದರ ಕಾಲೆಲ್ಲಿ?"

"ಯಾವ ಕಾಲು?"

"ನೀವು ಸೊನ್ನೆಯಿಂದ ಶುರು ಮಾಡಿಲ್ಲ, ನಡೂ ಕತ್ತರಿಸಿ ತಲಿ ಅಷ್ಟ ತೋರಸ್ಲಿಕ್ಕೆ ಹತ್ತೀರಿ. ಇಬ್ಬರನ್ನ ಕುತ್ತಿಗಿತನಕಾ ನೀರಾಗ ಮುಣಗಿಸಿ ಯಾರು ಎತ್ತರ ಅಂತ ಕೇಳಿದ್ರ ಹೆಂಗ?"

ಅಷ್ಟಕ್ಕೇ ಬಿಡಲಿಲ್ಲ. ವೇದಿಕೆ ಹತ್ತಿ, ಅತಿಥಿಗಳ ಹೆಸರು ಬರೆದಿದ್ದ ಕಪ್ಪು ಹಲಗೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಎರಡೂ ಕಂಬಗಳನ್ನು ಬುಡದಿಂದ ಎಳೆದು ತೋರಿಸಿದ. ಅವು ಅವಳಿಜವಳಿ ಮಕ್ಕಳ ಹಾಗೆ ಒಂದೇ ಎತ್ತರ ನಿಂತವು. ಸಭೆ ಈಗ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿತು. ಅದರ ಮರುವರ್ಷದಿಂದ ನಮಗೆ ಆಮಂತ್ರಣ ಪತ್ರಿಕೆ ಬರುತ್ತಿದೆ, ಸಭೆ ಮುಗಿದ ಮಾರನೆಯ ದಿನ.

ಆದರೆ ಅವನಿಂದ ನನಗೆ ಉಪಕಾರವಾದದ್ದನ್ನು ಮುಚ್ಚಿಡಬಾರದು. ನಾನು ವಿಮೆ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಒಂದು ಸಲ ದೊಡ್ಡ ಮೀಟಿಂಗಿಗೆಂದು ಹನ್ನೆರಡು ಶಾಖೆಗಳಿಗೆ ಹನ್ನೆರಡು ಬಣ್ಣದ ಗೆರೆ ಹಾಕಿ ಚಿತ್ರ ಮಾಡಿಕೊಂಡು, ಭಾನುವಾರ ವಡಾಳಾದಲ್ಲಿ ಲೋಕಲ್ ಬದಲಿಸಿ ಗೋರೆಗಾಂವಿಗೆ ಹೋಗಿ ಅವನಿಗೆ ತೋರಿಸಿದೆ. ಮಾಮಾ ಬಹಳ ಹೊತ್ತು ನೋಡಿದ.

"ಶ್ಯಾವಿಗಿ ಛಲೋ ಆಗೇದ. ಇದರಾಗ ಏನ್ ಹೇಳಬೇಕಂತೀ? ಒಂದ ವಾಕ್ಯದಾಗ ಹೇಳು."

"ಒಂದು ಶಾಖೆಯಲ್ಲಿ ಮಾತ್ರ ಗಿರಾಕಿಗಳು ಬಿಟ್ಟುಹೋಗ್ತಾ ಇದ್ದಾರೆ ಅಂತ."

"ಹಂಗಿದ್ರ ಆ ಒಂದ ಗೆರಿಗೆ ಕೆಂಪು ಹಚ್ಚು. ಉಳದ ಹನ್ನೊಂದಕ್ಕ ಬೂದಿ ಬಣ್ಣ. ಹೋಲಿಸೋದಿದ್ರ ಕಂಬ, ಕಾಲ ಸರದಂಗ ಏನಾತು ಅನ್ನೋದಿದ್ರ ಗೆರಿ. ನೋಡವರ ಕಣ್ಣಿಗೆ ದುಡಸಬಾರದು, ನಾವು ದುಡೀಬೇಕು."

"ಅಕಿಗೆ ಊಟಾ ಹಾಕ್ತೀರೋ, ಬರೇ ಗೆರಿ ಹಾಕಸ್ತೀರೋ?" ಎಂದು ಮಾಮಿ ನನ್ನ ಮುಂದೆ ತಟ್ಟೆ ಇಟ್ಟಳು. ಆ ಮೀಟಿಂಗಿನಲ್ಲಿ ಯಾರೂ ನನ್ನನ್ನು ಒಂದೂ ಪ್ರಶ್ನೆ ಕೇಳಲಿಲ್ಲ. ಎಲ್ಲರೂ ಆ ಶಾಖೆಯ ಮ್ಯಾನೇಜರನ ಕಡೆ ತಿರುಗಿದರು. ಪಾಪ, ಅವನು ಮಾತ್ರ ಇವತ್ತಿಗೂ ನನ್ನ ಜೊತೆ ಚಹಾ ಕುಡಿಯುವುದಿಲ್ಲ.

ಇಷ್ಟು ಹೊತ್ತು ನಗಿಸಿದೆ. ಇನ್ನು ಮುಂದಿನದನ್ನೂ ನಗುತ್ತಲೇ ಹೇಳಬೇಕೆಂದಿದ್ದೆ, ಆಗಲಿಕ್ಕಿಲ್ಲ.

ಮಾಮಿಯ ಎರಡೂ ಕಿಡ್ನಿ ಕೈಕೊಟ್ಟವು. ಮೊದಲು ಕಾಲು ಊದಿತು, ಆಮೇಲೆ ಊಟ ಸೇರದಾಯಿತು, ಕೊನೆಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಎಂದು ಗೊತ್ತಾಯಿತು. ಸ್ಟೇಷನ್ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಬೆಳಗ್ಗೆ ಮಲಗಿಸಿದರೆ ನಾಲ್ಕು ತಾಸು ಮಶೀನಿನ ಪಕ್ಕ. ಮಾಮಾ ಹೊರಗೆ ಬೆಂಚಿನ ಮೇಲೆ ತೊಡೆಯ ಮೇಲೆ ಫೈಲಿಟ್ಟುಕೊಂಡು ಕೂಡುತ್ತಿದ್ದ. ಅವಳು ಹೊರಗೆ ಬರುವಾಗ ಮುಖ ಬಿಳಿಚಿಕೊಂಡಿರುತ್ತಿತ್ತು. ಎಷ್ಟೋ ಸಲ ರಿಕ್ಷಾದೊಳಗೇ ತಲೆ ಸುತ್ತಿ ಮಾಮಾನ ಹೆಗಲಿಗೆ ಒರಗಿಬಿಡುತ್ತಿದ್ದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒಳ್ಳೆಯವಳು, ಆದರೆ ಅವಳ ಮುಂದೆ ದಿನಕ್ಕೆ ಅಂಥ ಎಷ್ಟೋ ಫೈಲುಗಳು. "ಅಂಕಲ್, ಹೀಗಾಗುವುದು ಸಹಜ" ಎಂದು ಹಿಂದಿಯಲ್ಲಿ ಹೇಳುತ್ತಿದ್ದಳು.

ಮಾಮಾ ಫೈಲನ್ನು ಮನೆಗೆ ತಂದು ಕೂತ. ಒಂದೇ ಹಾಳೆ. ಪ್ರತಿ ಸಲದ ಡಯಾಲಿಸಿಸ್ ಮುಗಿಯುವಾಗ ಬಿಪಿ ಎಷ್ಟಿತ್ತು ಎಂಬುದಕ್ಕೆ ಒಂದೊಂದು ಚುಕ್ಕೆ. ಮಾಮಿ ಬೆಳಿಗ್ಗೆ ಬಿಪಿ ಗುಳಿಗೆ ನುಂಗಿ ಹೋದ ದಿನದ ಚುಕ್ಕೆ ಕಪ್ಪು, ಗಡಿಬಿಡಿಯಲ್ಲಿ ಮರೆತು ಹೋದ ದಿನದ ಚುಕ್ಕೆ ಬಿಳಿ. ಬಿಳಿ ಚುಕ್ಕೆಗಳೆಲ್ಲ ಮೇಲೆ, ಕಪ್ಪು ಚುಕ್ಕೆಗಳೆಲ್ಲ ಬಿಪಿ ಕುಸಿದು ಕೆಳಗೆ ಬಿದ್ದಿದ್ದವು. ಮೇಲೆ ತಲೆಬರಹ ಬರೆದಿದ್ದ: ಗುಳಿಗೆ ನುಂಗಿದ ದಿನ ತಲೆ ಸುತ್ತುತ್ತದೆ.

ಡಾಕ್ಟರು ಆ ಹಾಳೆಯನ್ನು ಕೈಯಲ್ಲಿ ಹಿಡಿದು ಅರ್ಧ ನಿಮಿಷ ನೋಡಿದಳು. ನಾನು ಪಕ್ಕದಲ್ಲೇ ಇದ್ದೆ. "ಅಂಕಲ್, ಯೇ ಆಪ್‌ನೇ ಬನಾಯಾ?" ಎಂದಳು, ಇದನ್ನು ನೀವೇ ಮಾಡಿದಿರಾ ಎಂದು. ಡಯಾಲಿಸಿಸ್ ದಿನ ಬೆಳಗಿನ ಗುಳಿಗೆ ಬೇಡ, ಮನೆಗೆ ಹೋದ ಮೇಲೆ ಸಂಜೆಗೆ ತಗೊಳ್ಳಿ ಎಂದು ಬದಲಿಸಿ ಬರೆದುಕೊಟ್ಟಳು. ಮುಂದಿನ ವಾರದಿಂದ ಮಾಮಿ ರಿಕ್ಷಾದಲ್ಲಿ ನೆಟ್ಟಗೆ ಕೂತು ಮನೆಗೆ ಬರತೊಡಗಿದಳು. "ಲಗ್ನ ಆದಾಗಿಂದ ಇವರ ಗೆರಿ ನನ್ನ ಉಪಯೋಗಕ್ಕ ಬಿದ್ದದ್ದು ಇದೇ ಮೊದಲು" ಎಂದು ಎಲ್ಲರೆದುರು ಹೇಳಿದಳು. ಮಾಮಾ ಆ ದಿನವಿಡೀ ಮನೆಯಲ್ಲಿ ಸುಮ್ಮಸುಮ್ಮನೆ ಓಡಾಡಿದ.

ಒಂದೂವರೆ ವರ್ಷ ಹಾಗೇ ನಡೆಯಿತು. ಆಮೇಲೆ ಡಯಾಲಿಸಿಸಿಗೆಂದು ಕೈಯಲ್ಲಿ ಮಾಡಿದ್ದ ರಕ್ತನಾಳದ ಜೋಡಣೆ ಕಟ್ಟಿಕೊಂಡು ಎರಡು ಸಲ ಆಪರೇಷನ್ ಆಯಿತು. ಹೃದಯ ದುರ್ಬಲವಾಗಿದೆ ಎಂದರು. ಒಂದು ದಿನ ನರ್ಸಿಂಗ್ ಹೋಮಿನಿಂದ ಬಂದವಳು ಸೀರೆಯನ್ನೂ ಬದಲಿಸದೆ ಮಲಗಿ, "ಇನ್ನ ನಾ ಅಲ್ಲಿಗೆ ಬರೂದಿಲ್ರಿ. ಸಾಕಾಗೇದ" ಎಂದಳು.

ಆ ಭಾನುವಾರ ಮಾಮಾ ತನ್ನ ಜೀವನದ ಅತ್ಯಂತ ಚೆಂದದ ಚಾರ್ಟನ್ನು ಮಾಡಿ ಅವಳ ಹಾಸಿಗೆಯ ಮೇಲೆ ಹರಡಿದ. ನಾನು ಕಿಟಕಿಯ ಹತ್ತಿರ ಕೂತಿದ್ದೆ. ಗೆರೆಗಳು ಕೂದಲೆಳೆಯಷ್ಟು ಸಣ್ಣ, ಅಕ್ಷರ ಮುತ್ತಿನಂತೆ. "ನೋಡು, ಇದು ಹಿಮೋಗ್ಲೋಬಿನ್, ಆಪರೇಷನ್ ಆದಮ್ಯಾಲೆ ಇಳದಿತ್ತು, ಈಗ ಏರಲಿಕ್ಕೆ ಹತ್ತೇದ. ಇದು ತೂಕ. ಇದು ಪೊಟ್ಯಾಸಿಯಮ್. ಎಲ್ಲಾ ಹದಕ್ಕ ಬರಲಿಕ್ಕೆ ಹತ್ತೇದ. ಈಗ ಬಿಡಬಾರದು."

ಮಾಮಿ ಕನ್ನಡಕ ಹಾಕಿಕೊಂಡು ಮರ್ಯಾದೆಯಿಂದ ನೋಡಿದಳು. ಆಮೇಲೆ ಕೇಳಿದಳು, "ಇದರಾಗ ನಾ ಎಲ್ಲಿದ್ದೇನಿ?"

"ಇದೆಲ್ಲಾ ನಿಂದ ಅಲ್ಲೇನು?"

"ಅದು ನನ್ನ ರಕ್ತ. ಅದು ನನ್ನ ತೂಕ. ನಾ ಎಲ್ಲಿದ್ದೇನ್ರಿ?"

ಮಾಮಾ ಹಾಳೆಯನ್ನು ನೋಡಿದ. ಅವಳ ಕಡೆ ನೋಡಿದ. ಹಾಳೆ ಸುತ್ತಿಕೊಂಡು ಹೊರಗಿನ ಕೋಣೆಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಬಂದು, "ಇನ್ನ ಆರು ವಾರ ನನಗ ಕೊಡು" ಎಂದ. ಅದೇ ಹಾಳೆಯ ಕೆಳಗೆ ಇನ್ನೊಂದು ಪಟ್ಟಿ ಎಳೆದಿದ್ದ. "ದಿನಾ ಸಂಜಿಗೆ ನಿನಗ ಹೆಂಗ ಅನಸ್ತು ಅನ್ನೂದು ನೀನ ಇಲ್ಲಿ ಹಾಕು. ಹತ್ತರಾಗ ಎಷ್ಟು ಅಂತ."

"ಹತ್ತರಾಗ ಎಷ್ಟು ಅನ್ನೂದು ನನಗ ತಿಳಿಯೂದಿಲ್ಲ. ನನಗ ಮೂರ ಮಾತು ಗೊತ್ತು. ಛಲೋ ಅದ, ನಡೀತದ, ಬ್ಯಾಡಾಗೇದ."

ಮಾಮಾ ಹತ್ತು ಗೆರೆ ಅಳಿಸಿ ಮೂರು ಗೆರೆ ಎಳೆದ. ಪೆನ್ಸಿಲ್ ಹಿಡಿದರೆ ಅವಳ ಕೈ ನಡುಗುತ್ತಿತ್ತು. ಅದಕ್ಕೆ ಅವಳು ಹಣೆಗಿಟ್ಟುಕೊಳ್ಳುವ ಟಿಕಳಿಯ ಪಾಕೀಟು ತೆಗೆದು, ಒಂದು ಕೆಂಪು ಟಿಕಳಿ ಬಿಡಿಸಿ ಹಾಳೆಗೆ ಹಚ್ಚಿದಳು. ಮೊದಲ ದಿನದ್ದು ನಡುವಿನ ಗೆರೆಯ ಮೇಲೆ ಬಿತ್ತು. ನಡೀತದ.

ಆರು ವಾರ ಅವಳು ಮಾತಿಗೆ ತಪ್ಪದೆ ಮಶೀನಿಗೆ ಹೋದಳು, ಮಾತಿಗೆ ತಪ್ಪದೆ ಟಿಕಳಿ ಹಚ್ಚಿದಳು. ಆ ವಾರಗಳಲ್ಲಿ ನಾನು ಹೋದಾಗಲೆಲ್ಲ ಮಾಮಾ ತಮಾಷೆ ಮಾಡಿ ಅವಳನ್ನು ನಗಿಸಲು ನೋಡುತ್ತಿದ್ದ. ಸಂಜೆ ಅವಳು ಪಾಕೀಟು ಕೈಗೆತ್ತಿಕೊಂಡರೆ ಮುಖ ತಿರುಗಿಸಿ ಬಾಲ್ಕನಿಗೆ ಹೋಗುತ್ತಿದ್ದ. "ನಾ ನೋಡ್ಕೋತ ನಿಂತ್ರ ಅಕಿ ನನ್ನ ಸಲುವಾಗಿ ಮ್ಯಾಲಿನ ಗೆರಿಗೆ ಹಚ್ಚತಾಳ" ಎಂದು ನನಗೆ ಮೆಲ್ಲಗೆ ಹೇಳಿದ.

ಆರು ವಾರ ಮುಗಿದ ಶನಿವಾರ ನನಗೆ ಫೋನ್ ಬಂತು. "ಬಾ" ಎಂದಷ್ಟೇ ಹೇಳಿದ. ನಾನು ಹೋದಾಗ ಮಾಮಿ ಒಳಗೆ ಮಲಗಿದ್ದಳು. ಊಟದ ಮೇಜಿನ ಮೇಲೆ ಹಾಳೆ ಬಿಚ್ಚಿತ್ತು. ಮೇಲಿನ ಅರ್ಧದಲ್ಲಿ ಹಿಮೋಗ್ಲೋಬಿನ್, ತೂಕ, ಪೊಟ್ಯಾಸಿಯಮ್ ಎಲ್ಲವೂ ಶಿಸ್ತಾಗಿ ನಡೆದಿದ್ದವು. ಕೆಳಗಿನ ಅರ್ಧದಲ್ಲಿ ಟಿಕಳಿಗಳು ಮೊದಲೆರಡು ವಾರ ನಡುವೆ ಇದ್ದು, ಆಮೇಲೆ ಒಂದೊಂದಾಗಿ ಕೆಳಗಿನ ಗೆರೆಗೆ ಇಳಿದು, ಕೊನೆಯ ಮೂರು ವಾರ ಒತ್ತೊತ್ತಾಗಿ ಅಲ್ಲೇ ಕೂತಿದ್ದವು. ಮೇಲಿನ ಗೆರೆಯ ಮೇಲೆ ಇಡೀ ಆರು ವಾರದಲ್ಲಿ ಒಂದೇ ಒಂದು ಟಿಕಳಿ. ಅದು ಮಶೀನು ಕೆಟ್ಟು, ಇವತ್ತು ಬರಬೇಡಿ ಎಂದು ಅವರು ಫೋನ್ ಮಾಡಿದ್ದ ದಿನ.

ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಮಾಮಾ, ಸೆಕೆ ಬಹಳ ಇತ್ತಲ್ಲ ಈ ತಿಂಗಳು. ಅದಕ್ಕೂ ಇರಬಹುದು. ಇನ್ನೊಂದಿಷ್ಟು ದಿನ ನೋಡೋಣ" ಎಂದೆ.

ಮಾಮಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. "ನಮಗ ಬೇಕಾದ್ದು ಕಾಣೂತನಕಾ ನೋಡ್ಕೋತ ಕೂತ್ರ ಅದು ನೋಡಿಧಂಗ ಅಲ್ಲವ್ವಾ. ಅಕಿ ಇಷ್ಟ ದಿನಾ ಹೇಳ್ಯಾಳ. ನಾನು ಆರು ವಾರ ಸುಮ್ನ ಹೊತ್ತು ದೂಡಿದೆ."

ಒಳಗೆ ಹೋದ. ಬಾಗಿಲು ತೆರೆದೇ ಇತ್ತು, ಅವರ ಮಾತು ನನಗೆ ಕೇಳಿಸಿತು.

"ಸೋಮವಾರ ಹೋಗೂದು ಬ್ಯಾಡ ಅಂತೀ ಏನು?"

"ಹೂಂ."

"ಹಂಗಾದ್ರ ಬ್ಯಾಡ."

"ಸಿಟ್ಟಿಗೆದ್ದೀರೇನು?"

"ಇಲ್ಲ."

ನಾನು ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಇಳಿದು, ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಎರಡು ಸುತ್ತು ಹಾಕಿ ಮತ್ತೆ ಮೇಲೆ ಹೋದೆ.

ಸೋಮವಾರ ನಾನೂ ಮಾಮಾನೂ ಡಾಕ್ಟರ ಹತ್ತಿರ ಹೋದೆವು. ಅವಳು ಹಾಳೆಯನ್ನು ಬಹಳ ಹೊತ್ತು ನೋಡಿದಳು. ಕೆಂಪು ಟಿಕಳಿಗಳ ಮೇಲೆ ಬೆರಳಾಡಿಸಿ, ಇವೇನು ಎಂದು ಕೇಳಿದಳು. ಹೇಳಿದೆ. ನಿಲ್ಲಿಸಿದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂಬುದನ್ನು ಬಿಚ್ಚಿ ಹೇಳಿದಳು, ಹೃದಯ ಹೀಗಿರುವಾಗ ಮುಂದುವರಿಸಿದರೂ ಬಹಳ ದೂರ ಹೋಗಲಿಕ್ಕಿಲ್ಲ ಎಂಬುದನ್ನೂ ಹೇಳಿದಳು. ಉಸಿರಿಗೆ, ನೋವಿಗೆ ಔಷಧ ಬರೆದುಕೊಟ್ಟು, ತನ್ನ ನಂಬರನ್ನು ಚೀಟಿಯಲ್ಲಿ ಬರೆದು ಮಾಮಾನ ಜೇಬಿಗೆ ತಾನೇ ಇಟ್ಟಳು.

ಮಾಮಿ ಹನ್ನೊಂದು ದಿನ ಇದ್ದಳು. ಪೊಟ್ಯಾಸಿಯಮ್ ಹೆಚ್ಚೆಂದು ಎರಡು ವರ್ಷದಿಂದ ಮುಟ್ಟಗೊಡದಿದ್ದ ಬಾಳೆಹಣ್ಣನ್ನು ತುಸು ತುಸುವೇ ತಿಂದಳು. ಅಳೆದು ಅಳೆದು ಕುಡಿಸುತ್ತಿದ್ದ ನೀರನ್ನು ಒಂದು ದಿನ ತಂಬಿಗೆಯಿಂದ ಎತ್ತಿ ಕುಡಿದು, "ಇದರ ರುಚಿ ಮರತಿದ್ದೆ" ಎಂದಳು. ಮಾಮಾ ಅವಳ ಮಂಚವನ್ನು ಹೊರಗಿನ ಕೋಣೆಗೆ ತಂದು, ಪಕ್ಕದಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತು, ಅವಳ ಕಾಲುಗುರು ತೆಗೆಯುತ್ತಿದ್ದ, ತಲೆಗೆ ಎಣ್ಣೆ ಹಚ್ಚುತ್ತಿದ್ದ. ಮೊದಲ ಐದು ದಿನ ಟಿಕಳಿ ಮೇಲಿನ ಗೆರೆಯ ಮೇಲೆ. ಆಮೇಲೆ ನಾಲ್ಕು ದಿನ ನಡುವಿನದು. ಉಸಿರು ಕಟ್ಟುತ್ತಿತ್ತು, ಆದರೂ ಕೆಳಗಿನ ಗೆರೆಗೆ ಹಚ್ಚಲಿಲ್ಲ. ಕೊನೆಯ ಎರಡು ದಿನ ಕೈ ಏಳಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನೊಬ್ಬಳೇ ಉಳಿದಿದ್ದೆ. ಮಧ್ಯಾಹ್ನದ ಬಿಸಿಲು. ಮಾಮಾ ಆ ಹಾಳೆಯನ್ನು ತಂದು ಮೇಜಿನ ಮೇಲೆ ಹರಡಿದ. ಕೊನೆಯ ಎರಡು ದಿನದ ಜಾಗ ಖಾಲಿ ಇತ್ತು.

"ಮಾಮಾ, ನೀ ಪೂರಾ ಹೊತ್ತು ಅಲ್ಲೇ ಇದ್ದಿ. ಹೆಂಗಿದ್ಲು ಅಂತ ನಿನಗ ಗೊತ್ತು. ಎರಡು ಟಿಕಳಿ ನೀನೇ ಹಚ್ಚು" ಎಂದೆ.

"ಅಕೀ ಸುಖಾ ನಾ ಹೆಂಗ ಹಚ್ಚಲಿ? ಗೊತ್ತಿಲ್ಲದ್ದು ಖಾಲಿನ ಬಿಡಬೇಕು." ಹಾಳೆಯ ಅಂಚನ್ನು ಬೆರಳಿನಿಂದ ಸವರುತ್ತ ಕೂತ. ಆಮೇಲೆ ನನ್ನ ಕಡೆ ನೋಡದೆ ಕೇಳಿದ, "ಕಡೀ ದಿನಾ ಮಧ್ಯಾಹ್ನ ನೀ ಬಂದೆಲ್ಲ. ನಾ ಬಾಗಲಾ ತಗದ ಕೂಡಲೆ ಅಕಿ ನಿನ್ನ ಕಡೆ ಮಾರಿ ತಿರುಗಿಸಿದ್ಲು. ನಕ್ಕಳು ಅಂತ ನನಗ ಅನಸೇದ. ನನ್ನ ಕಣ್ಣು ಸರಿ ಇಲ್ಲ. ನೀ ಎದುರಿಗೇ ಇದ್ದಿ. ನೋಡಿದಿಲ್ಲೋ?"

ನಾನು ಆ ಹೊತ್ತಿಗೆ ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದೆ. ತಲೆಯೆತ್ತಿದಾಗ ಮಾಮಿ ಕಣ್ಣು ಮುಚ್ಚಿದ್ದಳು.

"ನೋಡಿದೆ ಮಾಮಾ. ನಕ್ಕಳು."

"ಛಲೋ ನಕ್ಕಳೇನು?"

"ಛಲೋ ನಕ್ಕಳು."

ಮಾಮಾ ತಲೆಯಾಡಿಸಿದ. ನನ್ನ ಮಾತನ್ನು ತಾಳೆ ನೋಡಲು ಇನ್ನೇನೂ ಕೇಳಲಿಲ್ಲ. ಹಾಳೆಯನ್ನು ಹಾಗೇ ಬಿಟ್ಟು ಎದ್ದು ಅಡುಗೆಮನೆಗೆ ಹೋದ. "ನಿನಗ ಚಹಾದಾಗ ಶುಂಠಿ ಹಾಕಲೇನು?" ಎಂದು ಒಳಗಿನಿಂದ ಕೇಳಿದ. ನಾನು ಹಾಕು ಎಂದೆ.